ನನಗೊಪ್ಪುವ ವರಸೆ

ಹೆಣ್ಣಿಗೆ ಗಂಡು ಹುಡುಕುವುದಕ್ಕೂ ಗಂಡಿಗೆ ಹೆಣ್ಣು ಹುಡುಕುವುದಕ್ಕೂ ನಮ್ಮಲ್ಲಿ ನೂರು ಶಾಸ್ತ್ರಗಳಿವೆ. ಕುಲ ನೋಡಬೇಕು, ಗೋತ್ರ ನೋಡಬೇಕು, ಜಾತಕ ಕೂಡಿಸಬೇಕು; ಯಾವುದೂ ಕೂಡದಿದ್ದರೆ ಕಡೆಗೆ ದೇವರ ಬಲಗಡೆಯ ಹೂವನ್ನಾದರೂ ಕೇಳಬೇಕು. ಜಾತ್ರೆಯಲ್ಲಿ ಕೊಳ್ಳುವ ಎತ್ತಿಗೂ ಸುಳಿ ನೋಡುತ್ತಾರೆ, ಹಲ್ಲು ಹಿಡಿದು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆದರೆ ಮನುಷ್ಯ ಪ್ರಾಣಿಯೊಂದು ತನ್ನ ಮೈಗೆ ಒಪ್ಪುವ ಕಾದಾಟದ ವಿದ್ಯೆ ಯಾವುದು ಎಂದು ತಿಳಿಯಬಯಸಿದರೆ ಯಾವ ಶಾಸ್ತ್ರವೂ ನೆರವಿಗೆ ಬರುವುದಿಲ್ಲ. ಬರುವುದು ಬರಿಯ ಸಲಹೆ. ಅದಕ್ಕೆ ಮಾತ್ರ ಬರಗಾಲವಿಲ್ಲ.

“ಕರಾಟೆ ಕಲಿ, ಒಂದೇ ಏಟಿಗೆ ಹಂಚು ಒಡೀಬಹುದು” ಎಂದ ನನ್ನ ತಮ್ಮ. ನಮ್ಮ ಮನೆಯ ಹಂಚು ಮಂಗಗಳ ದಯೆಯಿಂದ ಆಗಲೇ ಸಾಕಷ್ಟು ಒಡೆದಿರುವುದರಿಂದ ಆ ಪ್ರಲೋಭನೆ ನನ್ನ ಮೇಲೆ ಕೆಲಸ ಮಾಡಲಿಲ್ಲ. “ಟೇಕ್ವಾಂಡೋ ಕಲಿ, ಒಲಿಂಪಿಕ್ಸಿನಲ್ಲಿದೆ, ಸರ್ಟಿಫಿಕೇಟಿಗೆ ಬೆಲೆಯುಂಟು” ಎಂದರು ಸೋದರಮಾವ. ಕೇರಳದ ಕಳರಿಪಯಟ್ಟನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದ ಗೆಳತಿಯೊಬ್ಬಳು ಅದರ ಹೊರತು ಬೇರೊಂದು ವಿದ್ಯೆಯೇ ಇಲ್ಲವೆಂದು ವಾದಿಸಿದಳು. ನನ್ನ ಅಜ್ಜಿ ಇವರೆಲ್ಲರಿಗಿಂತ ಮಿತಭಾಷಿ. “ಸೌದೆಕೊಳ್ಳಿ ಒಂದಿದ್ರೆ ಸಾಕು, ಸುಮ್ನಿರೆ” ಎಂದುಬಿಟ್ಟರು.

ಸುಮ್ಮನಿರುವ ಹಾಗಿರಲಿಲ್ಲ. ನಮ್ಮ ಊರು ಅಜ್ಜಂಪುರಕ್ಕೂ ತರೀಕೆರೆಗೂ ನಡುವಣ ರಸ್ತೆಯಿಂದ ಒಂದೂವರೆ ಕಿಲೋಮೀಟರು ಒಳಗಿದೆ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಎರಡು ಕಡೆಯೂ ತೋಟ, ನಡುವೆ ಒಂದು ಮೋರಿ, ಆಮೇಲೆ ಊರು. ಎರಡು ವರ್ಷ ಆ ದಾರಿಯಲ್ಲಿ ನಡೆದ ನನಗೆ ಅದರ ಕಲ್ಲು ಕಲ್ಲೂ ಪರಿಚಿತ. ಕಳೆದ ಕಾರ್ತಿಕದ ಒಂದು ಸಂಜೆ ಬಸ್ಸು ತಡವಾಗಿ, ಕತ್ತಲು ನನಗಿಂತ ಮುಂಚೆಯೇ ಮೋರಿ ಮುಟ್ಟಿತ್ತು. ಬೈಕಿನಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು, ತಿರುಗಿ ಬಂದರು, ಮತ್ತೆ ದಾಟಿ ಹೋಗಿ ಮೋರಿಯ ಬಳಿ ನಿಂತರು. ಒಬ್ಬ ಇಳಿದು ಬಂದು ನನ್ನ ಕೈಚೀಲದ ಪಟ್ಟಿಯನ್ನು ಹಿಡಿದುಕೊಂಡ. ಏನೋ ಕೇಳಿದ, ಏನು ಕೇಳಿದನೆಂಬುದು ನನ್ನ ಕಿವಿಗೆ ಬಿದ್ದರೂ ಇಲ್ಲಿ ಬರೆಯತಕ್ಕದ್ದಲ್ಲ. ಅಷ್ಟರಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಿದ್ದ ನಮ್ಮೂರಿನವರೊಬ್ಬರ ಸೈಕಲ್ಲಿನ ಕ್ಯಾನುಗಳ ಸದ್ದು ಕೇಳಿಸಿತು. ಅವರು ಹೊರಟುಹೋದರು. ನಡೆದದ್ದು ಇಷ್ಟೆ.

ಮನೆಯಲ್ಲಿ ನಡೆದದ್ದು ಮಾತ್ರ ಇಷ್ಟೇ ಅಲ್ಲ. ಅಪ್ಪ ಆ ರಾತ್ರಿ ಊಟ ಮುಗಿಯುವವರೆಗೂ ಮಾತನಾಡಲಿಲ್ಲ. ಕೈ ತೊಳೆದು ಬಂದು, “ಕಾಲೇಜು ಇನ್ನು ಸಾಕು ಅನ್ಸುತ್ತೆ” ಎಂದರು. ಅಪ್ಪ ಕೆಟ್ಟವರಲ್ಲ. ಸಂಜೆ ಕ್ರಾಸಿಗೆ ಬಂದು ಕಾಯಲು ಅವರಿಗೆ ಬಿಡುವಿಲ್ಲ. ತೋಟದ ಮೋಟಾರಿಗೆ ಕರೆಂಟು ಬರುವುದೂ ಅದೇ ಹೊತ್ತಿಗೆ. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅತ್ತು ಗೆಲ್ಲುವ ಅಭ್ಯಾಸ ನನಗಿಲ್ಲ. ಯುಗಾದಿಯವರೆಗೆ ಅವಕಾಶ ಕೊಡಿ, ಅಷ್ಟರೊಳಗೆ ಏನಾದರೂ ಕಲಿತುಕೊಳ್ಳುತ್ತೇನೆ ಎಂದೆ. ಏನು ಕಲಿಯುತ್ತೀಯೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಉತ್ತರವಿರಲಿಲ್ಲ. ಅಲ್ಲಿಯವರೆಗೆ ತಮ್ಮ ದಿನವೂ ಕ್ರಾಸಿಗೆ ಬರುವುದೆಂದು ತೀರ್ಮಾನವಾಯಿತು. ಅವನ ಕ್ರಿಕೆಟ್ಟು ಕೆಟ್ಟಿತು. ಹಂಚು ಒಡೆಯುವ ವಿದ್ಯೆಯನ್ನು ಅವನು ಅಷ್ಟು ಆಸಕ್ತಿಯಿಂದ ನನಗೆ ಸೂಚಿಸಿದ್ದರ ರಹಸ್ಯ ಇದು.

ಮೊದಲು ಕಡೂರಿಗೆ ಹೋದೆ. ಅಲ್ಲಿ ಚಿಕ್ಕಮ್ಮನ ಮನೆಯಿದೆ. ಅವರ ಬೀದಿಯ ಹುಡುಗಿಯೊಬ್ಬಳು ಭಾನುವಾರದ ಬೆಳಗ್ಗೆ ಮೈದಾನವೊಂದರಲ್ಲಿ ನಡೆಯುವ ಕರಾಟೆ ತರಗತಿಗೆ ಹೋಗುತ್ತಿದ್ದಳು. ನಲವತ್ತು ಮಕ್ಕಳು ಬೆಳ್ಳಗೆ ಉಟ್ಟು ಸಾಲಾಗಿ ನಿಂತು ಒಂದೇ ಕಂಠದಿಂದ ಕೂಗಿದಾಗ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಕರಾಟೆ ಹುಟ್ಟಿದ್ದು ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದಲ್ಲಿ. ಅಲ್ಲಿನ ಶಾಲಾ ಉಪಾಧ್ಯಾಯ ಫುನಾಕೋಶಿ ಎಂಬವರು 1922 ರಲ್ಲಿ ಟೋಕಿಯೋ ನಗರದಲ್ಲಿ ಅದನ್ನು ಪ್ರದರ್ಶಿಸಿದ ಮೇಲೆ ಅದು ಲೋಕವನ್ನೆಲ್ಲ ಸುತ್ತಿ ಕಡೂರಿಗೂ ಬಂತು. ಆ ಹೆಸರಿಗೆ ಬರಿಗೈ ಎಂದು ಅರ್ಥವಂತೆ. ತರಗತಿಯ ಮಾಸ್ತರು ಸಂಭಾವಿತರು. ಬಂದವಳನ್ನು ನಿಂತು ನೋಡಲು ಬಿಡದೆ ಸಾಲಿಗೆ ಸೇರಿಸಿಯೇಬಿಟ್ಟರು.

ಎರಡು ಭಾನುವಾರ ಗಾಳಿಗೆ ಗುದ್ದಿದೆ. ಮೂರನೆಯ ಭಾನುವಾರ ಜೋಡಿ ಮಾಡಿ ನಿಲ್ಲಿಸಿದರು. ಎದುರಿಗಿರುವವಳ ಮೂಗಿನ ಕಡೆಗೆ ಮುಷ್ಟಿ ಬೀಸಬೇಕು, ಎರಡು ಬೆರಳಿನ ಅಂತರದಲ್ಲಿ ನಿಲ್ಲಿಸಬೇಕು. ನನ್ನ ಮುಷ್ಟಿ ಒಂದು ಗೇಣು ದೂರದಲ್ಲೇ ನಿಂತಿತು. “ಇನ್ನೂ ಮುಂದೆ” ಎಂದರು ಮಾಸ್ತರು. ಮತ್ತೆ ಬೀಸಿದೆ, ಮತ್ತೆ ಒಂದು ಗೇಣು. ನನಗೆ ಏಟಿನ ಭಯವಿರಲಿಲ್ಲ. ಎದುರಿನವಳ ಕೈ ತಪ್ಪಿ ನನ್ನ ದವಡೆಗೆ ತಗುಲಿದಾಗ ನಾನು ಹಲ್ಲು ಮುಟ್ಟಿ ನೋಡಿಕೊಂಡು ಮತ್ತೆ ನಿಂತೆ. ಆದರೆ ಮನುಷ್ಯನ ಮುಖವೊಂದರ ಕಡೆಗೆ ಹೋಗುವುದಕ್ಕೆ ನನ್ನ ಕೈ ಒಪ್ಪಲೊಲ್ಲದು. ಇದು ಕರುಣೆ ಎಂದು ಹೇಳಿಕೊಂಡರೆ ದೊಡ್ಡ ಮಾತಾಗುತ್ತದೆ. ಅದು ಕೈಯ ಸ್ವಭಾವ ಅಷ್ಟೆ. ಕೆಲವರಿಗೆ ಹಲ್ಲಿ ಮುಟ್ಟಲು ಆಗುವುದಿಲ್ಲ, ಹಾಗೆ. “ವರ್ಷ ಒಪ್ಪತ್ತಿನಲ್ಲಿ ಹೋಗುತ್ತದಮ್ಮ, ಎಲ್ಲರಿಗೂ ಮೊದಲು ಹೀಗೇ” ಎಂದರು ಮಾಸ್ತರು. ಅವರ ಮಾತು ಸುಳ್ಳಿರಲಾರದು. ಚಿಕ್ಕಮ್ಮನ ಬೀದಿಯ ಆ ಹುಡುಗಿ ಉದ್ದನೆಯವಳು. ಅವಳ ಕೈಕಾಲು ಬೀಸಿದರೆ ಚಾವಟಿ ಬೀಸಿದ ಹಾಗೆ. ಅವಳಿಗೆ ಆ ವಿದ್ಯೆ ಹೊಲಿಸಿದ ರವಿಕೆಯಂತೆ ಹೊಂದಿಕೊಂಡಿತ್ತು. ನನಗೋ, ಯುಗಾದಿ ಮೂರೂವರೆ ತಿಂಗಳು ದೂರ. ವಾರಕ್ಕೆ ಒಂದೇ ತರಗತಿ. ಅದಕ್ಕೂ ಬೀರೂರಿನ ಮೇಲೆ ಬಸ್ಸು ಬದಲಿಸಿ ಹೋಗಬೇಕು. ಕಡೂರಿನ ನಂಟು ಚಿಕ್ಕಮ್ಮನ ಹಬ್ಬದೂಟಕ್ಕೆ ಸೀಮಿತವಾಯಿತು.

ಇಲ್ಲಿ ನಮ್ಮ ಮನೆಯ ಮುಂದಿನ ಗುಂಡಿನ ವಿಚಾರ ಹೇಳಬೇಕು. ಅದು ನನ್ನ ಅಜ್ಜ ಹರೆಯದಲ್ಲಿ ಎತ್ತುತ್ತಿದ್ದ ಕಲ್ಲು. ಹಬ್ಬದ ದಿನ ಅದನ್ನು ಮೊಣಕಾಲಿಗೆ ತಂದು, ಎದೆಗೆ ತಂದು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದರಂತೆ. ಈಗ ಅದಕ್ಕೆ ಕರು ಕಟ್ಟುತ್ತೇವೆ. ಅಜ್ಜ ಗರಡಿಯ ಆಳು. ಅವರು ಸಾಮು ಮಾಡಿದ ಗರಡಿ ತರೀಕೆರೆಯ ಕಡೆಯ ಒಂದು ಊರಿನಲ್ಲಿ ಇಂದಿಗೂ ಇದೆಯೆಂದು ಅಜ್ಜಿ ಬಾಯಿತಪ್ಪಿ ಹೇಳಿದರು. ನಾನು ಮಾರನೆಯ ವಾರವೇ ಹೊರಟೆ.

ಗರಡಿಯನ್ನು ಒಳಗಿನಿಂದ ನೋಡದವರಿಗಾಗಿ ಎರಡು ಮಾತು ಬರೆಯುತ್ತೇನೆ. ನಾನೂ ನೋಡಿದ್ದು ಹೊಸ್ತಿಲಿನಿಂದಲೇ. ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಮಬ್ಬು. ಗೋಡೆಯಲ್ಲಿ ಹನುಮಂತ, ಅವನ ಮುಂದೆ ದೀಪ. ಮೂಲೆಯಲ್ಲಿ ಗದೆಗಳು, ಗುಂಡುಗಳು. ನಡುವೆ ಮಟ್ಟಿ, ಎಂದರೆ ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದಮಾಡಿದ ಅಂಕಣ. ಬಿದ್ದರೆ ಪೆಟ್ಟಾಗಬಾರದು, ಗಾಯವಾದರೆ ಕೀವಾಗಬಾರದು, ಅದಕ್ಕೆ ಈ ಉಪಚಾರ. ಮಣ್ಣಿನ ವಾಸನೆ ಮೊದಲ ಮಳೆಯ ಹಾಗಿತ್ತು. ಇಬ್ಬರು ಹುಡುಗರು ಬಸ್ಕಿ ಹೊಡೆಯುತ್ತಿದ್ದರು; ನನ್ನನ್ನು ಕಂಡು ಲೆಕ್ಕ ತಪ್ಪಿದರು.

ಜಗಲಿಯ ಮೇಲೆ ಕುಳಿತಿದ್ದ ವಸ್ತಾದರಿಗೆ ಎಪ್ಪತ್ತು ದಾಟಿದ ವಯಸ್ಸು. ಕಿವಿಯ ಅಂಚು ಮಲ್ಲರದೇ ರೀತಿಯಲ್ಲಿ ಗಂಟುಕಟ್ಟಿತ್ತು. ಅಜ್ಜನ ಹೆಸರು ಹೇಳಿದೊಡನೆ ಚಹಾ ತರಿಸಿದರು. ಕಲಿಯಲು ಬಂದೆನೆಂದು ಹೇಳಿದೊಡನೆ ಮೌನವಾದರು.

“ಹೆಣ್ಣುಮಕ್ಕಳು ಮಟ್ಟಿಗೆ ಇಳಿಯೋ ಪದ್ಧತಿ ಇಲ್ಲ ಕಣಮ್ಮ” ಎಂದರು ಕಡೆಗೆ.

ನಾನು ಪಾಠ ಓದಿಕೊಂಡೇ ಹೋಗಿದ್ದೆ. ಹೆಣ್ಣುಮಕ್ಕಳ ಕುಸ್ತಿ 2004 ರ ಅಥೆನ್ಸ್ ಒಲಿಂಪಿಕ್ಸಿನಿಂದ ನಡೆದುಬರುತ್ತಿದೆ ಎಂದೆ. 2016 ರಲ್ಲಿ ರಿಯೋದಲ್ಲಿ ಹರಿಯಾಣದ ಸಾಕ್ಷಿ ಮಲಿಕ್ 58 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದದ್ದನ್ನು ಹೇಳಿದೆ. ಅಷ್ಟು ದೂರವೇಕೆ, ಮೈಸೂರು ದಸರೆಯ ಕುಸ್ತಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ‘ದಸರಾ ಕಿಶೋರಿ’ ಎಂಬ ಬಿರುದು ಇದೆಯಲ್ಲ ಎಂದೂ ಕೇಳಿದೆ.

“ಗೊತ್ತು. ಅದು ಮ್ಯಾಟಿನ ಮೇಲೆ. ಇದು ಮಣ್ಣು” ಎಂದರು. ವಾದ ಅಲ್ಲಿಗೆ ಮುಗಿಯಿತು. ಆದರೆ ಅವರು ನನ್ನನ್ನು ಎದ್ದು ಹೋಗಲು ಬಿಡಲಿಲ್ಲ. ಅಂಗಳದಲ್ಲಿ ನಿಲ್ಲು ಎಂದರು. ನಡೆ ಎಂದರು. ಒಂದು ಕಾಲಿನ ಮೇಲೆ ನಿಲ್ಲು ಎಂದರು. ಜಾತ್ರೆಯಲ್ಲಿ ಎತ್ತು ನೋಡುವವರ ಕಣ್ಣಿನಲ್ಲಿ ನೋಡಿದರು. ನನಗೆ ಅದರಿಂದ ಅವಮಾನವೆನಿಸಲಿಲ್ಲ, ಅಲ್ಲಿಯವರೆಗೆ ಸಲಹೆ ಕೊಟ್ಟವರಲ್ಲಿ ಯಾರೂ ನನ್ನನ್ನು ನೋಡಿಯೇ ಇರಲಿಲ್ಲ. “ಕುಳ್ಳಿ ನೀನು. ತೋಳು ಗಿಡ್ಡ. ತೊಡೆ ಗಟ್ಟಿ, ನಡು ಗಟ್ಟಿ. ಹೊಡೆಯೋ ವಿದ್ಯೆಗೆ ಹೋಗ್ಬೇಡ, ಅದಕ್ಕೆ ಕೈ ಉದ್ದ ಬೇಕು. ಹಿಡಿಯೋ ವಿದ್ಯೆಗೆ ಹೋಗು. ಹಿಡಿದೋರನ್ನ ಕೆಡವೋ ವಿದ್ಯೆಗೆ ಹೋಗು.”

ಹೊಡೆಯುವ ವಿದ್ಯೆ, ಹಿಡಿಯುವ ವಿದ್ಯೆ! ಕಡೂರಿನಲ್ಲಿ ನನ್ನ ಮುಷ್ಟಿ ಒಂದು ಗೇಣು ದೂರದಲ್ಲಿ ನಿಂತದ್ದರ ಅರ್ಥ ನನಗೆ ಆ ಜಗಲಿಯ ಮುಂದೆ ಹೊಳೆಯಿತು. ಹಸುವಿನ ಕೊರಳು ಹಿಡಿದು ಕಟ್ಟಲು, ಈರುಳ್ಳಿ ಮೂಟೆಯನ್ನು ತಬ್ಬಿ ಎತ್ತಲು, ಹಗ್ಗ ಎಳೆಯಲು ನನ್ನ ಕೈಗೆ ಯಾವ ಸಂಕೋಚವೂ ಇಲ್ಲ. ಹಿಡಿಯುವುದು ಅದರ ದಿನದ ಕೆಲಸ. ಆದರೆ ಹಿಡಿಯುವ ವಿದ್ಯೆಗೆ ಹೋಗು ಎಂದು ಹೇಳಿ, ಇಡೀ ಸೀಮೆಯಲ್ಲಿ ನನಗೆ ಗೊತ್ತಿದ್ದ ಆ ವಿದ್ಯೆಯ ಒಂದೇ ಬಾಗಿಲನ್ನು ಅವರೇ ಮುಚ್ಚಿದ್ದು, ಊಟಕ್ಕೆ ಕರೆದು ಎಲೆ ಎತ್ತಿಕೊಂಡ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಆ ಮುದುಕರ ಮೇಲೆ ಎಷ್ಟು ಗೌರವ ಬಂದಿತೋ ಅಷ್ಟೇ ಸಿಟ್ಟೂ ಬಂದಿತ್ತು. ಇಂದಿಗೂ ಎರಡೂ ಹಾಗೆಯೇ ಇವೆ.

ಮೈ ನೋಡಿ ವಿದ್ಯೆ ಹೇಳುವ ಈ ಪದ್ಧತಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಬೇರೆ ಬೇರೆ ದರ್ಜೆಗಳಾಗಿ ವಿಂಗಡಿಸಬೇಕೆಂದು, ಅವರ ಸಾಧನೆ ಹೀಗಿರಬೇಕು, ಆಹಾರ ಹೀಗಿರಬೇಕೆಂದು ದೊರೆ ಅಲ್ಲಿ ಬರೆಯುತ್ತಾನೆ. ಯುದ್ಧವಿದ್ಯೆ ಎಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿಯೆಂದು ಅವನೂ ತಿಳಿದಿರಲಿಲ್ಲ. ಇತ್ತ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವಿದೆ. ಬೆರಳುಗಳಿಗೆ ಆಯುಧ ತೊಟ್ಟು ನಿಂತು, ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುವ ಕಾಳಗ. ಅದನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಆ ವಿದ್ಯೆಯ ಘನತೆಗೆ ನನ್ನಿಂದ ಕುಂದಿಲ್ಲ, ಅದು ನನ್ನದಲ್ಲ.

ಅಜ್ಜಂಪುರದವರಿಗೆ ಈ ವಿಚಾರ ತಿಳಿಯಹೇಳಲು ಸೋಮೇಶ್ವರನೂ ಬೇಕಿಲ್ಲ. ನಮ್ಮಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಬೂದುಬಣ್ಣದ, ಉದ್ದ ಕೊಂಬಿನ ಆ ದನಗಳನ್ನು ಕಾವಲಿನಲ್ಲಿ ನೋಡಿಯೇ ಬೆಳೆದವರು ನಾವು. ಅವು ಹಾಲಿಗೆ ಹೆಸರಾದವಲ್ಲ. ಮೈ ಸಣ್ಣದು, ನರ ಗಟ್ಟಿ, ಕಾಲು ಚುರುಕು. ಫಿರಂಗಿಯ ಗಾಡಿ ಎಳೆದುಕೊಂಡು ದಂಡಿನ ಜೊತೆ ಓಡುವುದಕ್ಕೆ ಅವುಗಳನ್ನು ಬೆಳೆಸಿದರು. ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರದ ನೆರವಿಗೆ ಹೋದದ್ದು ಈ ಎತ್ತುಗಳ ಬಲದಿಂದ. ಅವನ್ನು ಗಾಣಕ್ಕೆ ಕಟ್ಟಿ, ಸುತ್ತಲಿಲ್ಲವೆಂದು ಬೈಯುವವನನ್ನು ನಮ್ಮೂರಿನಲ್ಲಿ ಯಾರೂ ರೈತನೆನ್ನಲಾರರು.

ಅಜ್ಜಂಪುರದಲ್ಲೇ ಅಜ್ಜಿಯ ಕಡೆಯ ದೂರದ ನೆಂಟರೊಬ್ಬರಿದ್ದಾರೆ. ಜಾತ್ರೆಗಳಲ್ಲಿ ದೊಣ್ಣೆವರಸೆ ಆಡುತ್ತಿದ್ದವರು. ಅವರ ಬಳಿ ಮೂರು ಸಂಜೆ ಕಲಿತೆ. ಕಾಲೇಜಿಗೆ ದೊಣ್ಣೆ ಹಿಡಿದು ಹೋಗುವ ಹಾಗಿಲ್ಲವಾದ್ದರಿಂದ ಕೊಡೆಯಲ್ಲಿ ಹೇಳಿಕೊಟ್ಟರು. ಕೊಡೆಯ ಹಿಡಿಯನ್ನಲ್ಲ, ನಡುವನ್ನು ಎರಡು ಕೈಯಲ್ಲಿ ಹಿಡಿಯಬೇಕು. ಬೀಸಬಾರದು, ಚುಚ್ಚಿ ಹಿಂದಕ್ಕೆಳೆದುಕೊಳ್ಳಬೇಕು. ಬೀಸಿದರೆ ಅದು ಅವನ ಕೈಗೆ ಹೋಗುತ್ತದೆ. ನಾಲ್ಕನೆಯ ಸಂಜೆ ಅವರ ಮೊಣಕಾಲು ನೋವು ಕೆರಳಿ ಪಾಠ ನಿಂತಿತು. ಆದರೆ ಅವರು ಹೇಳಿದ ಒಂದು ಮಾತು ಯಾವ ತರಗತಿಯಲ್ಲೂ ಕೇಳಿರಲಿಲ್ಲ. “ಮೊದಲನೇ ವರಸೆ ಓಡೋದು ಕೂಸೆ. ಎರಡನೇದು ಕೂಗೋದು. ಅವೆರಡೂ ಸಾಗದೆ ಹೋದ್ರೆ ಉಳಿದದ್ದು.” ಅವರ ದೃಷ್ಟಿಯಲ್ಲಿ ಯಾರ ಬಳಿಯಲ್ಲೂ ಕಲಿಯದೆ ಗೆದ್ದವಳೆಂದರೆ ಒಬ್ಬಳೇ, ನೆರೆಯ ಚಿತ್ರದುರ್ಗದ ಓಬವ್ವ. ಅವಳ ಹೆಸರಿನಲ್ಲಿ ಈಗ ಸರ್ಕಾರ ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಶಿಕ್ಷಣ ಕೊಡಿಸುತ್ತದೆ. ಆದರೆ ಅವಳು ಕಲಿಯದೆ ಗೆದ್ದಳೆಂಬುದನ್ನು ನಾನು ಒಪ್ಪಲಾರೆ. ದಿನವೂ ಭತ್ತ ಕುಟ್ಟಿದವಳಿಗೆ ಒನಕೆಯ ತೂಕ ಎಲ್ಲಿದೆ, ಅದು ಯಾವ ಎತ್ತರದಿಂದ ಬಿದ್ದರೆ ಏನಾಗುತ್ತದೆ ಎಂಬುದು ಬೇರೆ ಯಾವ ಸಿಪಾಯಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು. ಖಡ್ಗ ಕೊಟ್ಟಿದ್ದರೆ ಅವಳು ಏನು ಮಾಡುತ್ತಿದ್ದಳೋ!

ಸಂಕ್ರಾಂತಿ ಕಳೆಯಿತು. ಮೂರು ಊರು ತಿರುಗಿದ್ದಾಯಿತು. ಆಗ ನಮ್ಮ ಕಾಲೇಜಿನಲ್ಲೇ, ಚೆಂಡು ಬ್ಯಾಟುಗಳ ಕೋಣೆಯ ಮುಂದೆ ನನ್ನ ಸಮಸ್ಯೆ ಬಗೆಹರಿಯಿತು. ಕಬಡ್ಡಿ ತಂಡಕ್ಕೆ ಹುಡುಗಿಯರನ್ನು ಸೇರಿಸುತ್ತಿದ್ದ ನಮ್ಮ ದೈಹಿಕ ಶಿಕ್ಷಣದ ಮೇಡಂ, ನಾನೇಕೆ ಸೇರುವುದಿಲ್ಲವೆಂದು ಕೇಳಿದರು. ಕಥೆಯನ್ನೆಲ್ಲ ಹೇಳಿದೆ. ವಸ್ತಾದರ ಮಾತು ಹೇಳಿದಾಗ ಅವರು ನಕ್ಕು, “ಆ ಅಜ್ಜ ಹೇಳಿದ್ದು ಜೂಡೋ ಕಣೆ, ಅವರಿಗೆ ಹೆಸರು ಗೊತ್ತಿಲ್ಲ ಅಷ್ಟೆ” ಎಂದರು. ವಿದ್ಯಾರ್ಥಿದೆಸೆಯಲ್ಲಿ ಅವರು ಆರು ವರ್ಷ ಜೂಡೋ ಮಾಡಿದವರೆಂಬುದು ಅಲ್ಲಿಯವರೆಗೆ ಕಾಲೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಯಾರೂ ಕೇಳಿರಲಿಲ್ಲ!

ಜೂಡೋ ಕಟ್ಟಿದವರು ಜಿಗೋರೋ ಕಾನೋ ಎಂಬ ಜಪಾನೀ ಮೇಷ್ಟರು. ಕುಳ್ಳಗೆ, ಸಣ್ಣಗೆ ಇದ್ದವರು. ಹುಡುಗನಾಗಿದ್ದಾಗ ದೊಡ್ಡ ಹುಡುಗರಿಂದ ಪೆಟ್ಟು ತಿಂದು, ಹಳೆಯ ಜುಜುತ್ಸು ಪಟ್ಟುಗಳನ್ನು ಕಲಿಯಲು ಹೊರಟರು. ಅವುಗಳಲ್ಲಿ ಅಪಾಯಕರವಾದುದನ್ನು ಬದಿಗಿಟ್ಟು, ಪೂರ್ಣ ಬಲದಿಂದ ಅಭ್ಯಾಸ ಮಾಡಬಹುದಾದುದನ್ನು ಉಳಿಸಿಕೊಂಡು, 1882 ರಲ್ಲಿ ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಕೋಣೆಯಲ್ಲಿ ಪಾಠ ಶುರುಮಾಡಿದರು. ಗಂಡಸರ ಜೂಡೋ 1964 ರಲ್ಲಿ ಒಲಿಂಪಿಕ್ಸಿಗೆ ಬಂದಿತು. ಹೆಂಗಸರದು ಪದಕದ ಪಂದ್ಯವಾಗಿ ಸೇರಲು 1992 ರವರೆಗೆ ಕಾಯಬೇಕಾಯಿತು. 2022 ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಣಿಪುರದ ಸುಶೀಲಾ ದೇವಿ 48 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದರು. ಕುಳ್ಳರಿಗೆ ಕುಲಗುರು ಇದ್ದಾರೆಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಾನೋ ಮೇಷ್ಟರಿಗೆ ಹನ್ನೆರಡು ಚಾಪೆಯಾದರೂ ಇತ್ತು. ನಮಗೆ ಒಂದೂ ಇರಲಿಲ್ಲ. ಹೊಸ ಮ್ಯಾಟಿನ ಬೆಲೆ ಕೇಳಿ ಮೇಡಂ ಮಾತು ಬದಲಿಸಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿದ್ದು ಆಗ ಉಪಯೋಗಕ್ಕೆ ಬಂತು. ಕಡೂರಿನ ಚಿಕ್ಕಪ್ಪ ನಾಲ್ಕು ಮೂಟೆ ತೆಂಗಿನ ನಾರು ಕಳಿಸಿಕೊಟ್ಟರು. ಗೋಣಿಚೀಲಗಳಲ್ಲಿ ನಾರು ತುಂಬಿ, ಹಾಸಿಗೆಯಂತೆ ಹೊಲಿದು, ಹದಿನಾರನ್ನು ಜೋಡಿಸಿ ಮೇಲೆ ಟಾರ್ಪಾಲು ಬಿಗಿದು ಕಟ್ಟಿದೆವು. ಟಾರ್ಪಾಲು ನಮ್ಮ ಕಣದ್ದು. ನಾವು ಐದು ಜನ ಹುಡುಗಿಯರು. ಇದೇ ನಮ್ಮ ಮಟ್ಟಿ. ಇದಕ್ಕೆ ಇಳಿಯಲು ಯಾರ ಪದ್ಧತಿಯೂ ಅಡ್ಡ ಬರಲಿಲ್ಲ.

ಮೊದಲ ಹದಿನೈದು ದಿನ ಮೇಡಂ ಬೀಳುವುದನ್ನು ಬಿಟ್ಟು ಬೇರೇನನ್ನೂ ಹೇಳಿಕೊಡಲಿಲ್ಲ. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಮುಂದಕ್ಕೆ ಉರುಳುವುದು. ಗಲ್ಲ ಎದೆಗೆ ಅಂಟಿರಬೇಕು, ಇಲ್ಲವಾದರೆ ತಲೆ ನೆಲಕ್ಕೆ ಬಡಿಯುತ್ತದೆ. ಬೆನ್ನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ತೋಳನ್ನು ಚಾಚಿ ನೆಲಕ್ಕೆ ಅಪ್ಪಳಿಸಬೇಕು. ಪೆಟ್ಟು ತೋಳಿನುದ್ದಕ್ಕೂ ಹರಿದುಹೋಗುತ್ತದೆ. ಇದರ ಜಪಾನೀ ಹೆಸರು ಉಕೇಮಿ. ಸಂಜೆ ಮನೆಗೆ ಹೋದರೆ ಮೈಯೆಲ್ಲ ನೋವು. “ಬೀಳೋದಕ್ಕೂ ಪಾಠವೇನೆ? ನಿಮ್ಮಪ್ಪ ಮರದಿಂದ ಬಿದ್ದಾಗ ಯಾರು ಹೇಳ್ಕೊಟ್ಟಿದ್ರು?” ಎಂದರು ಅಜ್ಜಿ. ಅಪ್ಪ ಮರದಿಂದ ಬಿದ್ದು ಕೈಮೂಳೆ ಮುರಿದುಕೊಂಡಿದ್ದರೆಂಬುದನ್ನು ನಾನು ನೆನಪಿಸಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮೋರಿಯ ಬಳಿಯ ಆ ಸಂಜೆಯಿಂದ ನನ್ನೊಳಗೆ ಕುಳಿತಿದ್ದ ಹೆದರಿಕೆ ಸಡಿಲಿದ್ದು ಕೆಡವಲು ಕಲಿತಾಗ ಅಲ್ಲ, ಬೀಳಲು ಕಲಿತಾಗ. ನೆಲ ಅಷ್ಟು ದೂರವಿಲ್ಲ, ಅಷ್ಟು ಗಟ್ಟಿಯೂ ಇಲ್ಲ ಎಂದು ಬೆನ್ನಿಗೆ ತಿಳಿದ ಮೇಲೆ ಕಾಲು ಬೇರೆಯ ರೀತಿಯಲ್ಲಿ ನಿಲ್ಲುತ್ತದೆ.

ಆಮೇಲೆ ಹಿಡಿತ. ಎದುರಿನವಳ ಕಾಲರನ್ನು ಒಂದು ಕೈಯಿಂದ, ತೋಳಿನ ಬಟ್ಟೆಯನ್ನು ಇನ್ನೊಂದರಿಂದ ಹಿಡಿಯಬೇಕು. ಅವಳು ದೂಡಿದರೆ ಎಳೆಯಬೇಕು, ಎಳೆದರೆ ಹೋಗಬೇಕು. ಭುಜದ ಮೇಲಿಂದ ಎಸೆಯುವ ಒಂದು ಪಟ್ಟಿದೆ, ಸೆಯೊಯಿ ನಾಗೆ ಎನ್ನುತ್ತಾರೆ. ಅದರಲ್ಲಿ ಎದುರಾಳಿಯನ್ನು ಮುಂದಕ್ಕೆ ಎಳೆಯುತ್ತ, ತಿರುಗಿ ಅವಳ ಹೊಟ್ಟೆಯ ಕೆಳಗೆ ನಮ್ಮ ಸೊಂಟ ಸೇರುವಂತೆ ಬಗ್ಗಿ, ಬೆನ್ನ ಮೇಲಿಂದ ಉರುಳಿಸಬೇಕು. ಉದ್ದನೆಯವರು ಇದಕ್ಕಾಗಿ ಮೊಣಕಾಲು ಎಷ್ಟು ಬಗ್ಗಿಸಬೇಕೋ! ನಾನು ನಿಂತ ಹಾಗೆಯೇ ಅರ್ಧ ಕೆಳಗಿದ್ದೇನೆ. ನನಗಿಂತ 11 ಕೆ.ಜಿ. ಹೆಚ್ಚು ತೂಗುವ ಇತಿಹಾಸ ವಿಭಾಗದ ಗೆಳತಿ ಮೊದಲ ಬಾರಿ ನನ್ನ ಬೆನ್ನ ಮೇಲಿಂದ ಹೋದಾಗ ಈರುಳ್ಳಿ ಮೂಟೆಯನ್ನು ಗಾಡಿಗೆ ಹಾಕಿದಷ್ಟೂ ಶ್ರಮವಾಗಲಿಲ್ಲ. ಅವಳು ಮೇಲೆದ್ದು, ಟಾರ್ಪಾಲಿನ ಮೇಲೆ ಕುಳಿತು, “ಇನ್ನೊಂದ್ಸಲ ಮಾಡೆ, ನಂಗೆ ಗೊತ್ತೇ ಆಗ್ಲಿಲ್ಲ” ಎಂದಳು.

ಎಲ್ಲವನ್ನೂ ಒಪ್ಪಿಸಿಬಿಡುವುದು ಸರಿಯಲ್ಲ. ಮೂರು ತಿಂಗಳ ಜೂಡೋ ಇಬ್ಬರು ಗಂಡಸರನ್ನೂ ಒಂದು ಬೈಕನ್ನೂ ಸೋಲಿಸುತ್ತದೆಂದು ಹೇಳುವವರ ಬಳಿ ಕಲಿಯಬೇಡಿ. ಮೇಡಂ ಹಾಗೆ ಹೇಳಲಿಲ್ಲ. ಚೀಲ ಹಿಡಿದರೆ ಚೀಲ ಬಿಡು. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆ. ತಬ್ಬಿ ಹಿಡಿದರೆ ಮಾತ್ರ ಪಟ್ಟು. ಕೆಡವಿದ ಮೇಲೆ ನಿಂತು ನೋಡಬೇಡ, ಓಡು. ಓಡುತ್ತ 112 ಕ್ಕೆ ಫೋನು ಮಾಡು. ಅಜ್ಜಂಪುರದ ನೆಂಟರ ಮೊದಲನೆಯ ವರಸೆ ಇಲ್ಲಿಯೂ ಮೊದಲನೆಯದೇ. ನಾನು ಈ ವಿದ್ಯೆಯನ್ನೇಕೆ ಕಲಿಯಬೇಕಾಯಿತು, ಮೋರಿಯ ಬಳಿ ಬೈಕು ನಿಲ್ಲಿಸಿದವರಿಗೆ ಅವರ ಮನೆಯಲ್ಲಿ ಏನನ್ನು ಕಲಿಸಿದರು ಎಂಬ ಪ್ರಶ್ನೆಯನ್ನು ನಮ್ಮ ಗೆಳತಿಯರಲ್ಲಿ ಒಬ್ಬಳು ಎತ್ತುತ್ತಲೇ ಇರುತ್ತಾಳೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಅದರ ಉತ್ತರ ಬರುವವರೆಗೆ ಸಂಜೆಯ ಬಸ್ಸು ಕಾಯುವುದಿಲ್ಲ.

ಯುಗಾದಿಗೆ ಹತ್ತು ದಿನವಿರುವಾಗ ಅಪ್ಪ ತರೀಕೆರೆಗೆ ಅಡಿಕೆ ಮಂಡಿಯ ಕೆಲಸಕ್ಕೆ ಬಂದವರು, ಹೇಳದೆ ಕೇಳದೆ ಕಾಲೇಜಿಗೆ ಬಂದರು. ನಾವು ಅಭ್ಯಾಸದಲ್ಲಿದ್ದೆವು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಗೋಡೆಗೊರಗಿ ನಿಂತರು. ನಾನು ಗೆಳತಿಯನ್ನು ಎಸೆದೆ. ಅವಳು ನನ್ನನ್ನು ಎಸೆದಳು. ಪ್ರತಿಯೊಂದು ಬೀಳುವಿಕೆಗೂ ಟಾರ್ಪಾಲು ಗುಂಡು ಹಾರಿಸಿದಂತೆ ಸದ್ದು ಮಾಡಿತು. ಮೊದಲ ಸದ್ದಿಗೆ ಅಪ್ಪ ಒಂದು ಹೆಜ್ಜೆ ಮುಂದೆ ಬಂದದ್ದನ್ನು ಕಂಡೆ. ಆಮೇಲೆ ಅಲ್ಲೇ ನಿಂತರು. ಮೇಡಂ ಜೊತೆ ಏನೋ ಮಾತನಾಡಿದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಬಂದೆವು. ಕ್ರಾಸಿನಲ್ಲಿ ಇಳಿದು ಮೋರಿ ದಾಟುವವರೆಗೂ ಅವರು ಬಾಯಿ ಬಿಡಲಿಲ್ಲ.

“ಬಿದ್ದಾಗ ಅಷ್ಟು ಸದ್ದು ಯಾಕೆ ಬರುತ್ತೆ?” ಎಂದು ಕೇಳಿದರು.

ತೋಳಿನಿಂದ ನೆಲ ಬಡಿಯುವುದರಿಂದ, ಪೆಟ್ಟು ಅಲ್ಲಿಗೇ ಹೋಗಿಬಿಡುತ್ತದೆ ಎಂದೆ.

“ನಿಮ್ಮಜ್ಜನೂ ಹಂಗೇ ಬೀಳ್ತಿದ್ರು” ಎಂದರು. ಸ್ವಲ್ಪ ದೂರ ನಡೆದ ಮೇಲೆ, ಮೂರನೆಯ ವರ್ಷದ ಫೀಸು ಯಾವ ತಿಂಗಳು ಕಟ್ಟಬೇಕೆಂದು ವಿಚಾರಿಸಿದರು. ಮಾರನೆಯ ವಾರ ಊರಿನ ನಾಲ್ಕು ಜನರನ್ನು ಕರೆದುಕೊಂಡು ಪಂಚಾಯ್ತಿಗೆ ಹೋಗಿ ಮೋರಿಯ ಬಳಿ ಒಂದು ದೀಪಕ್ಕೆ ಅರ್ಜಿ ಕೊಟ್ಟರು. ದೀಪ ಬಂದಿದೆ, ಹೆಚ್ಚಿನ ದಿನ ಉರಿಯುತ್ತದೆ. ತಮ್ಮನ ಕ್ರಿಕೆಟ್ಟು ಮೊದಲಿನಂತೆ ನಡೆದಿದೆ.

ಈ ಮಳೆಗಾಲದಲ್ಲಿ ಎರಡು ಗೋಣಿಗಳ ನಾರು ಮುಗ್ಗಲು ಹಿಡಿದು ಬದಲಿಸಬೇಕಾಯಿತು. ಉಳಿದ ಹದಿನಾಲ್ಕು ಚೆನ್ನಾಗಿವೆ. ಪ್ರಥಮ ವರ್ಷದ ಮೂವರು ಸೇರಿ ನಾವೀಗ ಎಂಟು ಜನ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಮೂರೂವರೆಗೆ ಅಭ್ಯಾಸ. ಐದು ಗಂಟೆಯ ಬಸ್ಸಿಗೆ ಸರಿಯಾಗಿ ಬಿಡುತ್ತೇವೆ. ಬರುವವರು ಬಳೆ, ಓಲೆ ಬಿಚ್ಚಿಟ್ಟು, ಉಗುರು ಕತ್ತರಿಸಿಕೊಂಡು ಬರತಕ್ಕದ್ದು. ಉದ್ದನೆಯವರು ಬಂದರೂ ಸಂತೋಷವೇ. ಎಸೆಯುವುದಕ್ಕೆ ನಮಗೂ ಯಾರಾದರೂ ಬೇಕು.